ಫೋನ್ ರೆಕಾರ್ಡರ್ ಇಟ್ಟುಕೊಂಡು ಓದು ಕಲಿಸಿದ್ದು: ನನ್ನ ಅನುಭವ

ಡಿಜಿಟಲ್ ಕಲಿಕೆ ಅಂದ ಕೂಡಲೇ ಸ್ಮಾರ್ಟ್ ಬೋರ್ಡ್ ಇದೆಯಾ, ಪ್ರೊಜೆಕ್ಟರ್ ಇದೆಯಾ ಅಂತ ಕೇಳುತ್ತಾರೆ. ನಮ್ಮ ಶಾಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಫೋನಿನಲ್ಲೇ ಇರುವ ವಾಯ್ಸ್ ರೆಕಾರ್ಡರ್.

ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಊರಿನ ಮಕ್ಕಳ ಜೊತೆ ಪಕ್ಕದ ಲಂಬಾಣಿ ತಾಂಡಾದ ಮಕ್ಕಳೂ ಬರುತ್ತಾರೆ. ನಲಿ-ಕಲಿ ಅಂದರೆ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆ, ಅದರಲ್ಲಿ 1ರಿಂದ 3ನೇ ತರಗತಿಯವರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕರೆಂಟ್ ಬಂದು ಹೋಗಿ ಮಾಡುತ್ತದೆ. ನೆಟ್‌ವರ್ಕ್ ಸಿಗಬೇಕಾದರೆ ಮಾಳಿಗೆ ಹತ್ತಬೇಕು. ಎರಡೂ ಇಲ್ಲದಿದ್ದರೂ ನಡೆಯುವಂಥದ್ದೇ ನಮಗೆ ಬೇಕಿತ್ತು.

ನಾವು ಮಾಡುವುದು ಇಷ್ಟೇ. ಪಾಳಿ ಬಂದ ಮಗು ಫೋನ್ ತಗೊಂಡು ಬೇವಿನ ಗಿಡದ ಕೆಳಗೆ ಹೋಗುತ್ತದೆ. ಒಂದು ಪುಟ ಓದಿ ರೆಕಾರ್ಡ್ ಮಾಡುತ್ತದೆ. ಆಮೇಲೆ ಇಯರ್‌ಫೋನ್ ಹಾಕಿಕೊಂಡು, ಪುಸ್ತಕದ ಮೇಲೆ ಬೆರಳಿಟ್ಟು ತನ್ನ ಓದನ್ನು ತಾನೇ ಕೇಳುತ್ತದೆ. ಎಡವಿದ ಪದದ ಕೆಳಗೆ ಪೆನ್ಸಿಲ್‌ನಿಂದ ಚುಕ್ಕೆ ಇಟ್ಟು, ಮತ್ತೊಮ್ಮೆ ಓದುತ್ತದೆ. ಅಷ್ಟರವರೆಗೆ ನಾನು ಬಾಯಿ ಹಾಕುವುದಿಲ್ಲ.

ಮೂರನೇ ತರಗತಿಯ ಒಬ್ಬ ಹುಡುಗಿ ಒತ್ತಕ್ಷರ ನುಂಗುತ್ತಿದ್ದಳು. ‘ಹಕ್ಕಿ’ ಅನ್ನುವುದು ‘ಹಕಿ’ ಆಗುತ್ತಿತ್ತು, ‘ಮಕ್ಕಳು’ ‘ಮಕಳು’ ಆಗುತ್ತಿತ್ತು. ನಾನು ಹೇಳಿಕೊಟ್ಟರೆ ನನ್ನ ಹಿಂದೆ ಸರಿಯಾಗಿಯೇ ಹೇಳುತ್ತಿದ್ದಳು. ಮರುದಿನ ಮತ್ತೆ ಅದೇ. ರೆಕಾರ್ಡಿಂಗ್ ಕೇಳುತ್ತಾ ಕೂತವಳ ಬೆರಳು ‘ಹಕ್ಕಿ’ ಮೇಲೆ ನಿಂತುಬಿಟ್ಟಿತು. ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದಳು. “ಟೀಚರ್ರೀ, ಇಲ್ಲಿ ಒತ್ತು ಐತ್ರೀ, ನಾ ಬಿಟ್ಟೀನ್ರೀ” ಅಂದಳು. ಓದುವಾಗ ಮಗುವಿನ ಗಮನವೆಲ್ಲ ಅಕ್ಷರ ಕೂಡಿಸುವುದರಲ್ಲೇ ಇರುತ್ತದೆ, ತನ್ನ ದನಿ ತನಗೆ ಕೇಳುವುದಿಲ್ಲ. ಕೇಳುವಾಗ ಆ ಭಾರ ಇರುವುದಿಲ್ಲ. ಅದಕ್ಕೇ ತಪ್ಪು ತಾನಾಗಿ ಸಿಗುತ್ತದೆ. ತಾನೇ ಹಿಡಿದ ತಪ್ಪನ್ನು ಮಗು ಬೇಗ ಮರೆಯುವುದಿಲ್ಲ.

ಇದಕ್ಕೆ ಹೊಸ ಓದು ಬೇಕು. ಪಠ್ಯಪುಸ್ತಕದ ಪಾಠ ಅರ್ಧ ಮಕ್ಕಳಿಗೆ ಬಾಯಿಪಾಠ ಆಗಿರುತ್ತದೆ, ಪುಟ ಮುಚ್ಚಿದರೂ ಓದುತ್ತಾರೆ! ನಾನು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟ್‌ನಿಂದ ಕಥೆಗಳನ್ನು ತರುತ್ತೇನೆ. 2015ರಲ್ಲಿ ಶುರುವಾದದ್ದು, ಪೂರ್ತಿ ಉಚಿತ, ಕನ್ನಡದ ಕಥೆಗಳು ಬೇಕಾದಷ್ಟಿವೆ. ಓದುವ ಮಟ್ಟ 4 ಇವೆ. ಈಗಷ್ಟೇ ಓದಲು ಶುರುಮಾಡಿದವರಿಗೆ 1ನೇ ಮಟ್ಟ ಸಾಕು. ಭಾನುವಾರ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳುತ್ತೇನೆ. ನಮ್ಮ ಶಾಲೆಯ ಟಿವಿಯಲ್ಲಿ ಪಿಡಿಎಫ್ ತೆರೆಯುವುದಿಲ್ಲ. ಹಾಗಾಗಿ ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆದು, ಫೋಟೊಗಳನ್ನಾಗಿ ಪೆನ್‌ಡ್ರೈವ್‌ಗೆ ಹಾಕುತ್ತೇನೆ. ಕರೆಂಟ್ ಇದ್ದರೆ ಟಿವಿ, ಇಲ್ಲದಿದ್ದರೆ ಫೋನ್.

2021ರಲ್ಲಿ ಬಂದ, ಚಿಕ್ಕ ಮಕ್ಕಳ ಓದು-ಲೆಕ್ಕಕ್ಕಾಗಿ ಇರುವ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಪ್ರಕಾರ 3ನೇ ತರಗತಿ ಮುಗಿಯುವಷ್ಟರಲ್ಲಿ ಮಗು ಹೊಸ ಪಠ್ಯವನ್ನು ಅರ್ಥ ಮಾಡಿಕೊಂಡು ನಿಮಿಷಕ್ಕೆ 60 ಪದ ಓದಬೇಕು. ಗುರಿ ಇರಲಿ. ಆದರೆ ನಾನು ಮೊದಲೇ ಗಡಿಯಾರ ಹಿಡಿಯುವುದಿಲ್ಲ. ಓದಿದ ಕಥೆಯನ್ನು ನಿನ್ನ ಮಾತಿನಲ್ಲಿ ಹೇಳು ಅನ್ನುತ್ತೇನೆ, ಅದನ್ನೂ ರೆಕಾರ್ಡ್ ಮಾಡುತ್ತೇವೆ. ತಾಂಡಾದ ಮಕ್ಕಳು ಮೊದಲು ಲಂಬಾಣಿಯಲ್ಲಿ ಹೇಳುತ್ತಾರೆ, ಆಮೇಲೆ ಕನ್ನಡದಲ್ಲಿ. ಲಂಬಾಣಿಗೆ ರೂಢಿಯಲ್ಲಿ ತನ್ನದೇ ಲಿಪಿ ಇಲ್ಲ, ಬೋರ್ಡಿನ ಮೇಲೆ ಅದಕ್ಕೆ ಜಾಗ ಸಿಗುವುದೇ ಅಪರೂಪ. ರೆಕಾರ್ಡರ್‌ಗೆ ಆ ತೊಂದರೆ ಇಲ್ಲ ಅಲ್ವಾ? ವರ್ಷವೆಲ್ಲ ಬಾಯಿ ಬಿಡದ ಮಕ್ಕಳು ಮನೆ ಮಾತಿನಲ್ಲಿ ಕಥೆ ಹೇಳಿ ಅಂದರೆ ನಿಲ್ಲಿಸುವುದೇ ಇಲ್ಲ. ಊರಿನ ಮಕ್ಕಳೂ ಈಗ ನಾಲ್ಕಾರು ಲಂಬಾಣಿ ಪದ ಕಲಿತಿದ್ದಾರೆ.

ವಿಡಿಯೊ ಬೇಡವೇ ಬೇಡ ಅಂತಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಾಠ ಸಿಗುತ್ತದೆ, ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನೋಡಬಹುದು. ಸಮುದ್ರ, ಹಡಗು, ಹಿಮ, ಹೀಗೆ ಇಲ್ಲಿ ಕಣ್ಣಿಗೆ ಬೀಳದ್ದನ್ನು ಮಾತ್ರ ತೋರಿಸುತ್ತೇನೆ. ಮಧ್ಯದಲ್ಲಿ ನಿಲ್ಲಿಸಿ, ಮುಂದೇನಾಗಬಹುದು ಅಂತ ಕೇಳುತ್ತೇನೆ. ತೊಗರಿ ಬೀಜ ಮೊಳೆಯುವುದನ್ನು ಯಾಕೆ ಟಿವಿಯಲ್ಲಿ ತೋರಿಸಬೇಕು? ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಆಯಿತು. ಗಣಿತದಲ್ಲೂ ಅಷ್ಟೇ, ಮೊದಲು ಕೈಯಲ್ಲಿ ಎಣಿಸುವ ಮಣಿಗಳ ಚೌಕಟ್ಟು, ಆಮೇಲೆ ಆ್ಯಪ್.

ರೆಕಾರ್ಡರ್‌ನ ಇನ್ನೊಂದು ಉಪಯೋಗ ಗುಳೆ ಹೋಗುವ ಹೊತ್ತಿಗೆ ತಿಳಿಯಿತು. ಸುಗ್ಗಿ ಕೆಲಸ ಮುಗಿದ ಮೇಲೆ ಎಷ್ಟೋ ಮನೆಯವರು ಬೆಂಗಳೂರು, ಪುಣೆ ಕಡೆ ದುಡಿಯಲು ಹೋಗುತ್ತಾರೆ. ಅಜ್ಜಿ ಹತ್ತಿರ ಬಿಡಲಾಗದ ಮಕ್ಕಳನ್ನು ಜೊತೆಗೇ ಕರೆದೊಯ್ಯುತ್ತಾರೆ. ಅಂಥ ಮಕ್ಕಳಿಗೆ ಪುಸ್ತಕ ಕೊಟ್ಟು ಕಳಿಸುತ್ತೇನೆ. ಸಂಜೆ ಅಪ್ಪ ಕೆಲಸದಿಂದ ಬಂದ ಮೇಲೆ ಫೋನ್ ಕೈಗೆ ಸಿಗುತ್ತದೆ. ಒಂದು ಪುಟ ಓದಿ ನನಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಬೆಳಿಗ್ಗೆ ನಾನು ಕೇಳಿ, ಹೇಳಬೇಕಾದ್ದನ್ನು ದನಿಯಲ್ಲೇ ಹೇಳಿ ಕಳಿಸುತ್ತೇನೆ. ರೀಚಾರ್ಜ್ ಮುಗಿದರೆ ಸಂಪರ್ಕ ಕಡಿದುಹೋಗುತ್ತದೆ. ಇದು ಶಾಲೆಗೆ ಬದಲಿ ಅಲ್ಲ, ಹಾಗೆ ಯಾರೂ ತಿಳಿಯಬಾರದು. ಆದರೆ ತಿರುಗಿ ಬಂದಾಗ ಆ ಮಗು ಅ-ಆದಿಂದ ಶುರುಮಾಡಬೇಕಾಗುವುದಿಲ್ಲ.

ಇದನ್ನು ಮಾಡಲು ಹೊರಟ ಟೀಚರ್‌ಗಳಿಗೆ ಒಂದು ಮಾತು. ಮಕ್ಕಳ ಓದನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ‘ಅವರ ಮಗಳು ಪಟಪಟ ಓದ್ತಾಳ, ನಿನಗೇನಾಗೈತಿ’ ಅಂತ ಮನೆಯಲ್ಲಿ ಬೈಗುಳ ಬಿದ್ದರೆ ಮಗು ಮತ್ತೆ ಫೋನ್ ಮುಟ್ಟುವುದಿಲ್ಲ. ಪ್ರತಿ ಮಗುವಿನ ಹೆಸರಲ್ಲಿ ಒಂದು ಫೋಲ್ಡರ್ ಮಾಡಿ, ತಿಂಗಳಿಗೆ ಒಂದು ರೆಕಾರ್ಡಿಂಗ್ ಉಳಿಸಿಕೊಳ್ಳಿ, ಉಳಿದದ್ದನ್ನು ಅಳಿಸಿ. ಜೂನ್‌ನಲ್ಲಿ ಓದಿದ್ದನ್ನೂ ಜನವರಿಯಲ್ಲಿ ಓದಿದ್ದನ್ನೂ ಆ ಮಗುವಿಗೆ, ಅದರ ಅವ್ವ-ಅಪ್ಪನಿಗೆ ಮಾತ್ರ ಕೂರಿಸಿಕೊಂಡು ಕೇಳಿಸಿ.