ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿನ ಕಣ್ಣು ತೋರಿಸುವುದು ಹೇಗೆ
ಗರ್ಭದ 34 ವಾರಕ್ಕೆ ಮೊದಲು ಹುಟ್ಟಿದ, ಇಲ್ಲವೇ 2 ಕೆಜಿಗಿಂತ ಹಗುರವಾದ ಕೂಸಿಗೆ 30 ದಿನದೊಳಗೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪೊರೆಯಾದ ಅಕ್ಷಿಪಟಲದ ತಪಾಸಣೆ ಆಗಲೇಬೇಕು. ಹುಡುಕುವುದು ಆರ್‌ಒಪಿಯನ್ನು, ಅಂದರೆ ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಅಕ್ಷಿಪಟಲದ ರಕ್ತನಾಳದ ಕಾಯಿಲೆಯನ್ನು. 28 ವಾರಕ್ಕೂ ಮುಂಚಿನದಾದರೆ 2–3 ವಾರದಲ್ಲೇ. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಮೋಸ ಹೋಗುವುದು ಅಲ್ಲೇ.

ಹುಟ್ಟಿದ ಮೇಲೆ ಕೂಸಿಗೆ ಆಮ್ಲಜನಕ ಹೆಚ್ಚಾದರೆ ಅಕ್ಷಿಪಟಲದಲ್ಲಿ ರಕ್ತನಾಳ ಬೆಳೆಸುವ ವಿಇಜಿಎಫ್ ಪ್ರೋಟೀನ್ ಕುಗ್ಗಿ ಬೆಳವಣಿಗೆ ನಿಲ್ಲುತ್ತದೆ. ಆಮೇಲೆ ಉಸಿರಿಗೆ ಹಸಿದ ಅಕ್ಷಿಪಟಲ ಅದನ್ನೇ ವಿಪರೀತ ಸ್ರವಿಸಿ, ನಾಳಗಳು ಅಡ್ಡಾದಿಡ್ಡಿ ಹಬ್ಬುತ್ತವೆ. ರಕ್ತಕ್ಕೆ ಸೋಂಕು ತಗುಲಿದ್ದರೆ ರೋಗನಿರೋಧಕ ಕೋಶಗಳ ಸಂಕೇತ ಪ್ರೋಟೀನುಗಳಾದ ಸೈಟೊಕೈನುಗಳು ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತವೆ. ಹಾಗಾಗಿ ಸೋಂಕು, ಆಮ್ಲಜನಕದ ವಿವರವಿರುವ ಡಿಸ್ಚಾರ್ಜ್ ಚೀಟಿ ಮರೆಯಬೇಡಿ.

ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬರುವವರು ಮಳೆಗಾಲದಲ್ಲಿ ಬೇಗ ಹೊರಡಿ. ಪಾಪೆ ಅರಳುವ ಹನಿ ಹಾಕಿದ ಮೇಲೂ ಕಾಯಬೇಕು. ಪರೀಕ್ಷೆಗೆ ಒಂದು ಗಂಟೆ ಮೊದಲು ಹಾಲು ನಿಲ್ಲಿಸಿ, ಇಲ್ಲದಿದ್ದರೆ ವಾಂತಿಯಾದೀತು. ‘ಮುಂದಿನ ವಾರ ಬನ್ನಿ’ ಎಂದರೆ ಅಡಿಕೆ ಕೊಯ್ಲೆಂದು ಮುಂದೂಡಬೇಡಿ. ಲೇಸರ್ ಚಿಕಿತ್ಸೆ ಬೇಕೆಂದಾದರೆ ಅದನ್ನು ಮಾಡಿಸಲು ಇರುವುದು 48–72 ಗಂಟೆಯಷ್ಟೇ.