ಬಿಪಿ ಇದೆಯೋ ಇಲ್ಲವೋ? ಮನೆಯಲ್ಲೇ ಒಂದು ವಾರ ನೋಡುವುದು ಹೇಗೆ

ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಮೊದಲು ಶುರುವಾದದ್ದು ಕೋಲಾರ ಜಿಲ್ಲೆಯಲ್ಲೇ. 30 ವರ್ಷ ದಾಟಿದವರಿಗೆ ತಪಾಸಣೆ. ಹಾಗೆ ಬಂದವರು ‘150/94 ಇದೆ, ಡಾಕ್ಟರ್‌ಗೆ ತೋರಿಸಿ’ ಅಂದರೆ ಮನೆಯಲ್ಲಿ ಎರಡು ಪಕ್ಷ ಆಗುತ್ತದೆ. ಒಬ್ಬರು ಗಾಬರಿ ಬಿದ್ದು ಪಕ್ಕದ ಮನೆಯವರ ಮಾತ್ರೆಯನ್ನೇ ತಂದು ಕೊಡುತ್ತಾರೆ. ಇನ್ನೊಬ್ಬರು ‘ಈಗ ತಾನೇ ತೋಟದಿಂದ ಬಂದ್ರಲ್ಲ, ಅದಕ್ಕೇ ಜಾಸ್ತಿ ತೋರಿಸಿದೆ’ ಎಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಎರಡೂ ಬೇಡ. ಬಿಪಿ ಗಳಿಗೆಗೊಂದು ಥರ ಇರುತ್ತದೆ. ಆಸ್ಪತ್ರೆ ಮೆಟ್ಟಿಲು ಹತ್ತಿದ ಕೂಡಲೇ ಏರಿ, ಮನೆಗೆ ಬಂದರೆ ಇಳಿಯುವವರು ಇದ್ದಾರೆ. ಇದಕ್ಕೆ ಉಲ್ಟಾ, ಡಾಕ್ಟರ್ ಮುಂದೆ ಸರಿಯಾಗಿದ್ದು ಮನೆಯಲ್ಲಿ ಜಾಸ್ತಿ ಇರುವವರೂ ಇದ್ದಾರೆ. ಇವರದ್ದೇ ಹೆಚ್ಚು ಅಪಾಯ, ಯಾಕೆಂದರೆ ಯಾರಿಗೂ ಗೊತ್ತಾಗುವುದಿಲ್ಲ. ‘ನಂಗೇನೂ ಆಗ್ತಿಲ್ವಲ್ಲ’ ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ. ಬಿಪಿ ಜಾಸ್ತಿ ಇರುವ ಬಹಳಷ್ಟು ಜನಕ್ಕೆ ತಲೆನೋವೂ ಬರುವುದಿಲ್ಲ. ಅದಕ್ಕೇ ಡಾಕ್ಟರ್‌ಗಳು ಒಂದು ವಾರ ಮನೆಯಲ್ಲಿ ನೋಡಿ ಬರೆದುಕೊಂಡು ಬನ್ನಿ ಅನ್ನುವುದು.

ಮೊದಲು ಮೆಷಿನ್

ತೋಳಿಗೆ ಪಟ್ಟಿ ಸುತ್ತುವ ಡಿಜಿಟಲ್ ಮೆಷಿನ್ ತೆಗೆದುಕೊಳ್ಳಿ. ಮಣಿಕಟ್ಟಿಗೆ ಕಟ್ಟುವುದು ಬೇಡ, ಸ್ಮಾರ್ಟ್ ವಾಚ್ ನಂಬಿ ಕೂರುವುದಂತೂ ಬೇಡವೇ ಬೇಡ. ಕೊಳ್ಳುವ ಮುಂಚೆ ದರ್ಜಿಯ ಟೇಪಿನಲ್ಲಿ ಭುಜಕ್ಕೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆ ನೋಡಿ. ಮೆಷಿನ್ ಜೊತೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ತೋಳಿಗೆ ಆಗುತ್ತದೆ. ತೋಳು ಅದಕ್ಕಿಂತ ದಪ್ಪ ಇದ್ದರೆ ದೊಡ್ಡ ಪಟ್ಟಿ ಕೇಳಿ ತನ್ನಿ. ಚಿಕ್ಕ ಪಟ್ಟಿಯನ್ನು ಎಳೆದು ಸುತ್ತಿದರೆ ಇಲ್ಲದ ಬಿಪಿಯೂ ಇದೆ ಅಂತ ತೋರಿಸುತ್ತದೆ. ಅಂಗಡಿಯವರು ಇದನ್ನು ಕೇಳದೇ ಹೇಳುವುದು ಕಡಿಮೆ.

ಕೂರುವುದೇ ಅರ್ಧ ಕೆಲಸ

ನಮ್ಮ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಟಿವಿ ನೋಡುತ್ತಾ, ನಡುವೆ ಮೊಮ್ಮಗನನ್ನು ಗದರುತ್ತಾ ಬಿಪಿ ನೋಡಿಕೊಳ್ಳುತ್ತೇವೆ. ಆ ನಂಬರ್ ಯಾವುದಕ್ಕೂ ಬರುವುದಿಲ್ಲ.

ಬೆನ್ನಿಗೆ ಆಸರೆ ಇರುವ ಕುರ್ಚಿ ಬೇಕು, ಪ್ಲಾಸ್ಟಿಕ್ ಕುರ್ಚಿ ಆದರೂ ಸಾಕು. ಪಾದ ಎರಡೂ ನೆಲಕ್ಕೆ ತಾಗಿರಲಿ, ಕಾಲ ಮೇಲೆ ಕಾಲು ಬೇಡ. ಪಕ್ಕದಲ್ಲಿ ಒಂದು ಟೇಬಲ್, ಅದರ ಮೇಲೆ ದಿಂಬು, ದಿಂಬಿನ ಮೇಲೆ ಕೈ. ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು. ಕೈ ಕೆಳಗೆ ಜೋತುಬಿದ್ದಿದ್ದರೆ ಜಾಸ್ತಿ ತೋರಿಸುತ್ತದೆ. ಪಟ್ಟಿಯನ್ನು ಬರಿ ತೋಳಿಗೇ ಸುತ್ತಿ. ಸ್ವೆಟರ್ ಮೇಲೆ ಸುತ್ತಬೇಡಿ. ಬಿಗಿಯಾದ ಅಂಗಿ ತೋಳನ್ನು ಮೇಲಕ್ಕೆ ಮಡಿಸಿದರೆ ಅದೇ ಹಗ್ಗದ ಹಾಗೆ ಬಿಗಿಯುತ್ತದೆ, ಅಂಗಿ ಬಿಚ್ಚಿಬಿಡುವುದೇ ಮೇಲು. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ, ಕೊಳವೆ ಮೊಣಕೈ ಒಳಮಡಿಕೆಯ ಕಡೆ ಇಳಿಯಲಿ. ಸುತ್ತಿದ ಮೇಲೆ ಒಂದು ಬೆರಳು ಒಳಗೆ ತೂರುವಷ್ಟು ಸಡಿಲ ಸಾಕು.

ಹೀಗೆ ಕೂತು ಐದು ನಿಮಿಷ ಸುಮ್ನೆ ಇರಿ. ಮಾತು ಬೇಡ, ಫೋನ್ ಬೇಡ. ಟೊಮೆಟೊ ರೇಟ್ ಆಮೇಲೆ ನೋಡಿದರಾಯ್ತು. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಟೀ, ಬೀಡಿ, ಎಲೆಅಡಿಕೆ ಜೊತೆ ಹೊಗೆಸೊಪ್ಪು ಯಾವುದೂ ಆಗಿರಬಾರದು. ಮೂತ್ರ ಕಟ್ಟಿಕೊಂಡೂ ಕೂರಬಾರದು.

ಏಳು ದಿನದ ಲೆಕ್ಕ

ಮೊದಲ ಸಲ ಎರಡೂ ತೋಳಿನಲ್ಲಿ ನೋಡಿ. ಯಾವುದರಲ್ಲಿ ಜಾಸ್ತಿ ಬರುತ್ತದೋ ಮುಂದೆ ಅದೇ ತೋಳು. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ತಿಂಡಿಗೂ ಮಾತ್ರೆಗೂ ಮುಂಚೆ ಎರಡು ಸಲ. ನಡುವೆ ಒಂದು ನಿಮಿಷ ಬಿಡುವು. ಸಂಜೆ ಊಟಕ್ಕೆ ಮುಂಚೆ ಮತ್ತೆ ಎರಡು ಸಲ. ಬೆಳಿಗ್ಗೆ ಡೇರಿಗೆ ಹಾಲು ಹಾಕುವವರು ಹಾಲು ಕರೆಯುವ ಮೊದಲೇ ನೋಡಿಕೊಳ್ಳಲಿ, ಇಲ್ಲವೇ ಬಂದು ಅರ್ಧ ಗಂಟೆ ಸುಧಾರಿಸಿಕೊಂಡು ನೋಡಲಿ.

ಬಂದದ್ದನ್ನು ಬಂದ ಹಾಗೇ ಬರೆಯಿರಿ. 148 ಬಂದರೆ ‘ಛೇ, ಇದು ಸರಿಯಿಲ್ಲ’ ಎಂದು 132 ಬರುವ ತನಕ ಗುಂಡಿ ಒತ್ತುತ್ತಾ ಕೂರುವವರೇ ಜಾಸ್ತಿ. ಆ 132 ತೋರಿಸಿ ಡಾಕ್ಟರನ್ನು ಒಪ್ಪಿಸಬಹುದು, ರಕ್ತನಾಳವನ್ನಲ್ಲ.

ಮೊದಲ ದಿನದ ನಂಬರ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹೊಸ ಮೆಷಿನ್ ಗಾಬರಿ ಇರುತ್ತದೆ. ಉಳಿದ ಆರು ದಿನಕ್ಕೆ 24 ಸಲ ಆಯಿತು. ಮೇಲಿನ ನಂಬರ್‌ಗಳನ್ನೆಲ್ಲ ಕೂಡಿ 24ರಿಂದ ಭಾಗಿಸಿ, ಕೆಳಗಿನದಕ್ಕೂ ಹಾಗೇ. ಮೇಲಿನದರ ಮೊತ್ತ 3312, ಕೆಳಗಿನದರದ್ದು 2064 ಅಂದುಕೊಳ್ಳಿ. ಸರಾಸರಿ 138/86. ಆಸ್ಪತ್ರೆಯಲ್ಲಿ 140/90 ಗೆರೆ ಆದರೆ ಮನೆಯ ಗೆರೆ ಅದಕ್ಕಿಂತ ಕೆಳಗೆ, 135/85. ಎರಡರಲ್ಲಿ ಒಂದು ನಂಬರ್ ಈ ಗೆರೆ ಮುಟ್ಟಿದರೂ ಬಿಪಿ ಜಾಸ್ತಿ ಅಂತಲೇ ಲೆಕ್ಕ. ಒಂದೆರಡು ದಿನ ತಪ್ಪಿದರೆ ಚಿಂತೆಯಿಲ್ಲ, ಆದರೆ ನಾಲ್ಕು ದಿನಕ್ಕಿಂತ ಕಡಿಮೆ ಬೇಡ.

ಇವರು ಕಾಯಬಾರದು

ಗರ್ಭಿಣಿಯರು ವಾರ ಕಾಯದೆ ನೇರ ಡಾಕ್ಟರ್ ಹತ್ತಿರ ಹೋಗಬೇಕು. ನಾಡಿ ಏರುಪೇರಾಗಿ ಬಡಿಯುವವರಲ್ಲಿ ಡಿಜಿಟಲ್ ಮೆಷಿನ್ ತಪ್ಪು ತೋರಿಸಬಹುದು, ಅವರೂ ಡಾಕ್ಟರನ್ನೇ ಕೇಳಲಿ. 180/120 ಅಥವಾ ಅದಕ್ಕಿಂತ ಜಾಸ್ತಿ ಬಂದು, ಜೊತೆಗೆ ಎದೆನೋವು, ಉಸಿರುಕಟ್ಟುವುದು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ ನೋಟ್‌ಬುಕ್ ಬದಿಗಿಟ್ಟು 108ಕ್ಕೆ ಫೋನ್ ಮಾಡಿ. ಏನೂ ತೊಂದರೆಯಿಲ್ಲದೆ ಬರೀ ನಂಬರ್ ಅಷ್ಟಿದ್ದರೆ ಐದು ನಿಮಿಷ ಕೂತು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅವತ್ತೇ ಡಾಕ್ಟರನ್ನು ಕಾಣಿ.

ನೋಟ್‌ಬುಕ್ ಹಿಡಿದು ಎಲ್ಲಿಗೆ?

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೇ ಸಾಕು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರಿಗೆ ತಾಲ್ಲೂಕು ಆಸ್ಪತ್ರೆ ಇದೆ, ಕೋಲಾರ ಪಟ್ಟಣದಲ್ಲಿ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ ಮಾತ್ರೆಗೆ ದುಡ್ಡಿಲ್ಲ. ಡಾಕ್ಟರ್ ಸಾಮಾನ್ಯವಾಗಿ ಮೂತ್ರ, ಶುಗರ್, ಕಿಡ್ನಿಯ ರಕ್ತಪರೀಕ್ಷೆ, ಇಸಿಜಿ ಬರೆಯುತ್ತಾರೆ. ಮಂಡಿನೋವಿಗೆ ಅಂತ ಮೆಡಿಕಲ್ ಸ್ಟೋರಿನಿಂದ ತಂದು ನುಂಗುವ ಮಾತ್ರೆಗಳಿದ್ದರೆ ಅವುಗಳ ಖಾಲಿ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದವು ಬಿಪಿ ಏರಿಸುತ್ತವೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಲೆಕ್ಕವನ್ನೂ ಮುಚ್ಚಿಡದೆ ಹೇಳಿ.

ಸರಾಸರಿ 135/85ಕ್ಕಿಂತ ಕೆಳಗಿದ್ದು, ಆಸ್ಪತ್ರೆಯಲ್ಲಿ ಮಾತ್ರ ಜಾಸ್ತಿ ಬರುತ್ತಿದ್ದರೂ ಅದೇ ನೋಟ್‌ಬುಕ್ ತೋರಿಸಿ. ಮಾತ್ರೆ ಬೇಕೋ ಬೇಡವೋ ಅವರು ಹೇಳುತ್ತಾರೆ. ಬೇಡ ಅಂದರೂ ವರ್ಷಕ್ಕೊಮ್ಮೆ ಇದೇ ಏಳು ದಿನದ ಲೆಕ್ಕ ಮಾಡಬೇಕು, ಇಂಥವರಿಗೆ ಮುಂದೆ ಬಿಪಿ ಕಾಯಂ ಆಗಿ ಬರುವ ಸಂಭವ ಜಾಸ್ತಿ. ಹೋಗುವಾಗ ಮೆಷಿನ್ನನ್ನೂ ಒಯ್ಯಿರಿ. ಅಲ್ಲಿನದರ ಜೊತೆ ಇಟ್ಟು ನೋಡಿದರೆ ನಿಮ್ಮದು ಸರಿಯಾಗಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.