ಹಿನ್ನೀರಿನಡಿಯ ರಸ್ತೆ: ಮಕ್ಕಳ ಜೊತೆ ಕಾಲಯಾನದ ಸಿನಿಮಾ ಮಾಡಿದ ಬಗೆ

ಕಾಲಯಾನದ ಸಿನಿಮಾ ಎಂದ ಕೂಡಲೇ ಎಲ್ಲರೂ ಮೊದಲು ಕೇಳುವುದು ಮೆಷಿನ್ ಹೇಗಿರುತ್ತದೆ ಅಂತ. ಸಾಗರ ತಾಲ್ಲೂಕಿನ ನಮ್ಮ ಶಾಲೆಯ ಮಕ್ಕಳೂ ಹಳೇ ಫ್ಯಾನಿನ ರೆಕ್ಕೆ, ಸೀರಿಯಲ್ ಸೆಟ್ ದೀಪ ಎಲ್ಲ ಹೊತ್ತುಕೊಂಡು ತಯಾರಾಗಿಯೇ ಬಂದಿದ್ದರು. ನಾನು ಮೆಷಿನ್ ಬೇಡವೇ ಬೇಡ ಅಂದೆ. ಶರಾವತಿ ಹಿನ್ನೀರಿನ ದಡದಲ್ಲಿ ಬೆಳೆಯುವ ಹುಡುಗನಿಗೆ ಹಳೇ ಕಾಲಕ್ಕೆ ಹೋಗುವ ದಾರಿ ಕಣ್ಣೆದುರೇ ಇದೆ. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ನೀರು ಸಮುದ್ರಮಟ್ಟದಿಂದ 1819 ಅಡಿಗೆ ಬಂದರೆ ಜಲಾಶಯ ಭರ್ತಿ. ಮೇ ತಿಂಗಳಲ್ಲಿ ಅದು ಇಳಿಯುತ್ತಾ ಬಂದಂತೆ ಬೋಳು ಮರದ ಬೊಡ್ಡೆಗಳು, ಮನೆಗಳ ಪಂಚಾಂಗದ ಕಲ್ಲುಗಳು, ಎಲ್ಲಿಗೋ ಹೋಗುತ್ತಿದ್ದ ರಸ್ತೆಯ ತುಂಡುಗಳು ಒಂದೊಂದೇ ಮೇಲೇಳುತ್ತವೆ. ಲಿಂಗನಮಕ್ಕಿಗೂ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಇಡಿಯಾಗಿ ಮುಳುಗಿದೆ. ನೀರು ತೀರಾ ತಳ ಕಂಡ ವರ್ಷ ಅದನ್ನು ನೋಡಲು ಜನ ಹೋಗುತ್ತಾರೆ.

ಕಥೆ ಅಲ್ಲೇ ಸಿಕ್ಕಿತು. ಬೇಸಿಗೆ ರಜೆಯಲ್ಲಿ ಹುಡುಗನೊಬ್ಬ ನೀರಿಳಿದ ಕಡೆ ಹಳೇ ರಸ್ತೆ ಹಿಡಿದು ನಡೆಯುತ್ತಾನೆ. ರಸ್ತೆ ಮುಗಿಯುವಲ್ಲಿ 1963 ಶುರುವಾಗುತ್ತದೆ. ಅವನ ಅಜ್ಜ ಅಲ್ಲಿ ಅವನದೇ ವಯಸ್ಸಿನ ಹುಡುಗ. ಮುಳುಗಡೆಯ ಮಾತು ಊರಲ್ಲಿ ಹಬ್ಬಿದೆ, ಆದರೆ ಇಷ್ಟು ಎತ್ತರಕ್ಕೆ ನೀರು ಬರುತ್ತದೆ ಎಂದು ಯಾರೂ ನಂಬುತ್ತಿಲ್ಲ.

ಇಂಥ ಕಥೆಗೆ ಒಂದೇ ಒಂದು ನಿಯಮ ಗಟ್ಟಿಯಾಗಿ ಬೇಕು. ಯಂತ್ರ, ಬೆಳಕು, ಗ್ರಾಫಿಕ್ಸ್ ಎಲ್ಲ ಅದರ ನಂತರದ ಮಾತು. ಹೋದವನು ಹಿಂದಿನದನ್ನು ಬದಲಾಯಿಸಬಹುದೋ ಇಲ್ಲವೋ? ಇದನ್ನು ಮಕ್ಕಳ ಎದುರಿಗೇ ಇಟ್ಟೆ. ಒಬ್ಬ ಹುಡುಗಿ ಎದ್ದು ನಿಂತು, "ಸರ್, ಅವನು ಡ್ಯಾಮ್ ಕಟ್ಟೋದನ್ನೇ ನಿಲ್ಲಿಸ್ಲಿ" ಅಂದಳು. ಅವಳದು ಮುಳುಗಡೆಯಾಗಿ ಬಂದ ಕುಟುಂಬ. ಕೂತ ಜಾಗದ ಹಕ್ಕುಪತ್ರಕ್ಕೆ ಇಂದಿಗೂ ಅಲೆಯುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅವಳ ಮಾತಿನಲ್ಲಿ ನ್ಯಾಯವಿತ್ತು. ಆದರೆ ನೀರು ಬಾರದಿದ್ದರೆ ಅಜ್ಜ ಊರು ಬಿಡುವುದಿಲ್ಲ, ಹೊಸ ಊರಲ್ಲಿ ಅಜ್ಜಿಯನ್ನು ಮದುವೆಯಾಗುವುದಿಲ್ಲ. ಮತ್ತೆ ಈ ಹುಡುಗ ಎಲ್ಲಿಂದ ಬಂದ? ಆ ಗಂಟನ್ನು ಮಕ್ಕಳೇ ಬಿಡಿಸಿದರು: ನೀರು ಬಂದೇ ಬರುತ್ತದೆ, ಆದರೆ ಏನಾದರೊಂದನ್ನು ಅವನು ಉಳಿಸಬೇಕು.

ಉಳಿಸಿದ್ದು ಒಂದು ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿ ಮಾವಿನ ಮರ. ಹೊಳೆಯಂಚಿನ ಅಪ್ಪೆಯ ಪರಿಮಳ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹುಡುಗ ಹುಟ್ಟಿದಾಗಿನಿಂದ ಅವನ ಮನೆಯಂಗಳದಲ್ಲಿ ಒಂದು ಮರವಿದೆ, ಅದು ಎಲ್ಲಿಯದೆಂದು ಕೇಳಿದರೆ ಅಜ್ಜ ನಗುತ್ತಾರೆ. ಮೊದಲು ಬರೆದ ಕಥೆಯಲ್ಲಿ ಅದು ಓಟೆ (ಮಾವಿನ ಗೊರಟು) ನೆಟ್ಟು ಬೆಳೆಸಿದ ಮರ. ಕಸಿ ಕಟ್ಟುವ ಪೋಷಕರೊಬ್ಬರು, "ಓಟೆಯಿಂದ ಎದ್ದ ಗಿಡದಲ್ಲಿ ತಾಯಿಮರದ ಮಿಡಿಯೇ ಬರುತ್ತೆ ಅನ್ನೋ ಖಾತ್ರಿ ಇಲ್ಲ ಮೇಷ್ಟ್ರೇ, ಕುಡಿ ತಂದು ಕಸಿ ಕಟ್ಟಬೇಕು" ಎಂದರು. ಆ ಒಂದು ಮಾತಿನಿಂದ ಕಥೆಗೆ ಜೀವ ಬಂತು. ಈಗ ನಮ್ಮ ಹುಡುಗನ ಅಮ್ಮ ನರ್ಸರಿಯಲ್ಲಿ ಕಸಿ ಕಟ್ಟುತ್ತಾಳೆ. ಅವನು ನೋಡಿ ಕಲಿತದ್ದನ್ನು 1963ರಲ್ಲಿ ಅಜ್ಜನಿಗೆ ಕಲಿಸುತ್ತಾನೆ. ಪ್ಲಾಸ್ಟಿಕ್ ಪಟ್ಟಿ ಅಲ್ಲಿಲ್ಲ, ಬಾಳೆನಾರು ಸುತ್ತುತ್ತಾನೆ. ಅಜ್ಜ ನಕ್ಕದ್ದು ಯಾಕೆಂದು ಪ್ರೇಕ್ಷಕರಿಗೆ ಗೊತ್ತಾಗುವುದು ಆ ಗಂಟು ಬಿಗಿಯುವಾಗ. ಇಡೀ ಸಿನಿಮಾದಲ್ಲಿ ನನಗೆ ಅತ್ಯಂತ ಪ್ರಿಯವಾದ ದೃಶ್ಯ ಅದು.

ಹಿಂದಕ್ಕೆ ಹೋಗುವುದು ನಿಜಕ್ಕೂ ಸಾಧ್ಯವೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಇದ್ದದ್ದನ್ನು ಇದ್ದಂತೆ ಹೇಳಬೇಕು. ಹಿಂದಕ್ಕೆ ಯಾರೂ ಹೋದ ಪುರಾವೆ ಇಲ್ಲ. ಮುಂದಕ್ಕೆ ಜಾರುವುದು ಮಾತ್ರ ನಿಜ: ವೇಗ ಹೆಚ್ಚಿದಷ್ಟೂ ಗಡಿಯಾರ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ತೋರಿಸಿದ್ದರು, ಗುರುತ್ವ ಕಡಿಮೆ ಇರುವಲ್ಲಿ ಅದು ಬೇಗ ಓಡುತ್ತದೆ ಎಂಬುದು ಅವರ ಮುಂದಿನ ಸಿದ್ಧಾಂತದಿಂದ ಬಂತು. ಎರಡೂ ಸೇರಿ ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ್ದಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ, ಅದನ್ನು ಸರಿದೂಗಿಸದಿದ್ದರೆ ಮೊಬೈಲಿನ ಮ್ಯಾಪ್ ದಾರಿ ತಪ್ಪಿಸುತ್ತದೆ. ಭಾಗವತದ ಕಕುದ್ಮಿ ರಾಜನ ಕಥೆಯನ್ನೂ ಹೇಳಿದೆ. ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದವನು ಹಾಡೊಂದು ಮುಗಿಯಲೆಂದು ಕಾದ ಹೊತ್ತಿಗೆ ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತಂತೆ. ಮಕ್ಕಳಿಗೆ ಈ ಕಥೆ ತಕ್ಷಣ ತಲೆಗೆ ಹೋಯಿತು.

ಚಿತ್ರೀಕರಣವೆಲ್ಲ ಮೊಬೈಲಿನಲ್ಲೇ. ಸೆಕೆಂಡಿಗೆ 25 ಫ್ರೇಮು, ಶಟರ್ ವೇಗ ಸೆಕೆಂಡಿನ 1/50. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಮಿಣುಕುವುದು ಹೀಗೆ ತಪ್ಪುತ್ತದೆ. ಫೋಕಸ್, ಎಕ್ಸ್‌ಪೋಶರ್ ಎರಡನ್ನೂ ಲಾಕ್ ಮಾಡಲೇಬೇಕು. ಕಾಲ ದಾಟುವ ದೃಶ್ಯಕ್ಕೆ ಮಾತ್ರ ಎರಡು ಋತು ಹಿಡಿಯಿತು. ಪೂರ್ತಿ ತುಂಬಿದರೂ ನೀರು ಮುಟ್ಟದ ಒಂದು ಜಂಬಿಟ್ಟಿಗೆ ಬಂಡೆಯ ಮೇಲೆ ಟ್ರೈಪಾಡಿನ ಮೂರು ಕಾಲಿಗೂ ಬಣ್ಣದ ಗುರುತು ಹಾಕಿದೆವು. ಎತ್ತರ ಅಳೆದು ಬರೆದುಕೊಂಡೆವು. ಮೇನಲ್ಲಿ ರಸ್ತೆ ಕಾಣುವಾಗ ಒಮ್ಮೆ, ಮಳೆಗಾಲ ಮುಗಿದು ನೀರು ತುಂಬಿದ ಮೇಲೆ ಮತ್ತೊಮ್ಮೆ ಅಲ್ಲಿಂದಲೇ ತೆಗೆದೆವು. ಎರಡನೇ ಸಲ ಮೊದಲಿನ ಚಿತ್ರದ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಗುಡ್ಡದ ಗೆರೆಗೆ ಗೆರೆ ಕೂಡಿಸಿದೆವು. ಎಡಿಟಿಂಗ್‌ನಲ್ಲಿ ಒಂದರ ಮೇಲೊಂದು ಇಟ್ಟು ಕರಗಿಸಿದಾಗ ರಸ್ತೆಯ ಮೇಲೆ ನೀರು ತಾನಾಗಿ ಏರಿತು. ಯಾವ ಗ್ರಾಫಿಕ್ಸೂ ಇದನ್ನು ಇಷ್ಟು ಚೆನ್ನಾಗಿ ಮಾಡಲಾರದು.

1963ನ್ನು ಕಟ್ಟಿದ್ದು ಹೆಚ್ಚಾಗಿ ಈಗಿನ ವಸ್ತುಗಳನ್ನು ತೆಗೆದುಹಾಕುವುದರಿಂದ. ಪ್ಲಾಸ್ಟಿಕ್ ಕೊಡ, ಡಿಶ್ ಆಂಟೆನಾ, ಕರೆಂಟ್ ವೈರು ಯಾವುದೂ ಚೌಕಟ್ಟಿನಲ್ಲಿ ಇರಕೂಡದು. ಮಳೆಗೆ ಕೊಡೆ ತೆಗೆದು ಕಂಬಳಿಕೊಪ್ಪೆ ಹಾಕಿದೆವು. ಕಿವಿಗೂ ಅದೇ ಲೆಕ್ಕ: ಈಗಿನ ದೃಶ್ಯಗಳಲ್ಲಿ ತೋಟದ ಕಳೆ ಕೊಚ್ಚುವ ಮೆಷಿನ್, ಬೈಕು, ಮಿಕ್ಸಿ, ಆಗಿನದರಲ್ಲಿ ಒರಳು, ಹಕ್ಕಿ, ಮಳೆಹನಿ. ಆ ಶಬ್ದಗಳನ್ನು ಬೆಳಗಿನ ಜಾವ, ಊರಲ್ಲಿ ಗಾಡಿ ಓಡಾಡುವ ಮೊದಲು ಹಿಡಿದೆವು.

ಹುಡುಗನ ಜೇಬಿನ ಐದು ರೂಪಾಯಿ ನಾಣ್ಯ ನೋಡಿ ಅಂಗಡಿಯವನು ಬೆಚ್ಚುತ್ತಾನೆ. ಆಗ ಐದು ರೂಪಾಯಿ ಎಂದರೆ ನೋಟು, ಚಿಲ್ಲರೆ ಎಂದರೆ ನಯಾ ಪೈಸೆ. ಹುಡುಗ ಕರ್ನಾಟಕ ಅಂದರೆ ಮೇಷ್ಟ್ರು ಮೈಸೂರು ರಾಜ್ಯ ಎಂದು ತಿದ್ದುತ್ತಾರೆ, ಹೆಸರು ಬದಲಾದದ್ದು 1973ರಲ್ಲಿ. ಇವೆಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ನಮ್ಮ ಕಡೆ ಹೊಸಬರನ್ನು ಮೊದಲು ಕೇಳುವ ಪ್ರಶ್ನೆ.

"ಯಾರ ಮನೆ ಹುಡುಗನಾ ನೀನು?"

ಅಪ್ಪನ ಹೆಸರು ಹೇಳುತ್ತಾನೆ. ಅಂಥವರು ಯಾರೂ ಊರಲ್ಲಿಲ್ಲ, ಅಪ್ಪ ಇನ್ನೂ ಹುಟ್ಟಿಲ್ಲ. ಆ ಮೌನದಲ್ಲಿ ಹುಡುಗನ ಮುಖದ ಮೇಲೆ ಕ್ಯಾಮೆರಾ ಬಿಟ್ಟೆವು, ಅಷ್ಟೇ. ಶಾಲೆಯಲ್ಲಿ ತೋರಿಸಿದ ದಿನ ಹಿರಿಯರು ಹೆಚ್ಚು ಅಲುಗಾಡಿದ್ದು ಅಲ್ಲಿ.

ಮಾಡಲು ಹೊರಡುವವರಿಗೆ ಎರಡು ಮಾತು. ನೀರಿಳಿದ ನೆಲ ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಳಗೆ ಕೆಸರಿರುತ್ತದೆ, ಮೊಣಕಾಲಿನ ತನಕ ಹೂತುಕೊಳ್ಳಬಹುದು. ಜಾಗ ಬಲ್ಲ ದೋಣಿಯವರೊಬ್ಬರು ಮುಂದೆ ಕೋಲು ಊರಿ ನಡೆದ ಮೇಲೇ ಮಕ್ಕಳನ್ನು ಬಿಡಿ. ದೋಣಿ ದೃಶ್ಯವಿದ್ದರೆ ಲೈಫ್ ಜಾಕೆಟ್ ಕಾಣುವಂತೆಯೇ ಇರಲಿ, ಅದನ್ನು ಮುಚ್ಚುವ ಉಪಾಯಕ್ಕೆ ಹೋಗಬೇಡಿ. ಇನ್ನೊಂದು, ಎರಡು ಋತು ಕಾಯುವ ಸಿನಿಮಾದಲ್ಲಿ ಹುಡುಗ ಬೆಳೆಯುತ್ತಾನೆ. ಮುಖ ಕಾಣುವ ದೃಶ್ಯಗಳನ್ನೆಲ್ಲ ಬೇಸಿಗೆಯಲ್ಲೇ ಮುಗಿಸಿ, ಮಳೆಯ ನಂತರಕ್ಕೆ ಬರೀ ನೀರು, ಗುಡ್ಡ, ದೂರದ ಬೆನ್ನು ಉಳಿಸಿಕೊಳ್ಳಿ. ಡಬ್ಬಿಂಗನ್ನಂತೂ ರಜೆ ಮುಗಿಯುವುದರೊಳಗೇ ಮಾಡಿಬಿಡಿ, ಆ ವಯಸ್ಸಿನಲ್ಲಿ ಧ್ವನಿ ಯಾವಾಗ ಒಡೆಯುತ್ತದೋ ಹೇಳಲಾಗದು.